ಒಂದೇ ಅರ್ಥದ ಮಾತು

4 ಜೂನ್ 1951, ಲಿಂಗಸುಗೂರು

ಅದಾಲತ್ತಿನ ಗೋಡೆಗೆ ಇವತ್ತು ಹುಕುಂ ಅಂಟಿಸಿದರು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ವಕೀಲಿ ಪಾಸು ಮಾಡಿದವರೆಲ್ಲ ಬರುವ ಫೆಬ್ರುವರಿಯಲ್ಲಿ ರಾಯಚೂರಿಗೆ ಹೋಗಿ ಇಂಗ್ಲಿಷ್ ಪರೀಕ್ಷೆಗೆ ಕೂರಬೇಕಂತೆ. ಪಾಸಾಗದವರು ಕರಿಕೋಟು ಬಿಚ್ಚಿಟ್ಟು ಮನೆಗೆ ಹೋಗಬೇಕಂತೆ. ಹುಕುಂ ಬರೆದದ್ದು ಇಂಗ್ಲಿಷಿನಲ್ಲಿ. ಇಂಗ್ಲಿಷ್ ಬಾರದವರಿಗೆ ಇಂಗ್ಲಿಷಿನಲ್ಲೇ ಎಚ್ಚರಿಕೆ! ಹೊಸ ಸರ್ಕಾರದ ಬುದ್ಧಿಗೆ ಬೇರೆ ಸಾಕ್ಷಿ ಬೇಡ.

ಹೊಸ ಮುನ್ಸಿಫ ಮದ್ರಾಸಿನ ಕಡೆಯವನು. ನಿನ್ನೆ ಮೊನ್ನೆ ಮೀಸೆ ಬಂದ ಹುಡುಗ. ವಾದಿಗೆ ‘ಮುದ್ದಈ’ ಅನ್ನಬೇಕು, ಪ್ರತಿವಾದಿಗೆ ‘ಮುದ್ದಾಲೈ’ ಅನ್ನಬೇಕು ಎಂಬುದು ತಿಳಿಯದೆ ಇಬ್ಬರನ್ನೂ ‘ಮುದ್ದಾ’ ಎಂದು ಕೂಗುತ್ತಾನೆ. ಇಂಥವನ ಮುಂದೆ ನಾನು, ಫಾರಸಿ ಓದಿದ ಅಮರಗುಂಡಪ್ಪ ವಕೀಲ, ಎರಡು ಸಾಲಿನ ಜವಾಬಿನಲ್ಲಿ ಎದುರಾಳಿಯ ಬಾಯಿ ಹೊಲಿಯುತ್ತಿದ್ದವನು, ಇನ್ನು ಮೇಲೆ ‘ಎಸ್ ಸರ್, ನೋ ಸರ್’ ಅನ್ನಬೇಕು.

ಬಾರ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯ ಅಮೀನ್‌ಸಾಬ್ ವಕೀಲ ಹೊಟ್ಟೆ ಹಿಡಿದುಕೊಂಡು ನಕ್ಕ. "ಅರೇ ಯಾರ್ ಅಮರಗುಂಡಪ್ಪಾ, ಈ ವಯಸ್ಸಿನ್ಯಾಗ ನಮಗ ಕಿವಿ ಹಿಂಡಿ ಬೆಂಚಿನ ಮ್ಯಾಲ ನಿಲ್ಲಸ್ತಾರಂತ!" ಅವನಿಗೆ ಎಲ್ಲದಕ್ಕೂ ನಗು ಬರುತ್ತದೆ. ಬುದ್ಧಿ ಕಡಿಮೆ ಇದ್ದವರಿಗೆ ದೇವರು ಕೊಟ್ಟ ಪರಿಹಾರ ಅದು.

ಈ ದಿನಚರಿ ಇಂದಿನಿಂದ. ಇಷ್ಟು ಮೂರ್ಖರ ನಡುವೆ ಬದುಕುವವನು ಎಲ್ಲಾದರೂ ಒಂದು ಕಡೆ ಉಗುಳಬೇಕಲ್ಲ.

13 ಜೂನ್

ಹೈಸ್ಕೂಲಿನ ಇಂಗ್ಲಿಷ್ ಮಾಸ್ತರ ಜಂಬಣ್ಣನನ್ನು ಮನೆಗೆ ಕರೆಸಿದೆ. ಮಿಡ್ಲ್ ಸ್ಕೂಲಿನಲ್ಲಿ ಕಲಿತ ಅಷ್ಟಿಷ್ಟು ಇಂಗ್ಲಿಷ್ ನನ್ನಲ್ಲಿ ಇನ್ನೂ ಇದೆ. ಓದಬಲ್ಲೆ, ತಡವರಿಸಿ ಬರೆಯಬಲ್ಲೆ. ಆದರೆ ಪರೀಕ್ಷೆಯ ಅರ್ಧ ಭಾಗ ಬೇರೆಯೇ ಕಸರತ್ತು. ಒಂದು ಕಠಿಣ ಶಬ್ದ ಕೊಡುತ್ತಾರೆ, ಕೆಳಗೆ ನಾಲ್ಕು ಶಬ್ದ. ನಾಲ್ಕರಲ್ಲಿ ಯಾವುದರ ಅರ್ಥ ಅದಕ್ಕೆ ಹತ್ತಿರವೋ ಅದನ್ನು ಗುರುತಿಸಬೇಕು. ಸಂತೆಯಲ್ಲಿ ಕಳೆದ ಎಮ್ಮೆಯನ್ನು ಕೊಂಬು ನೋಡಿ ಗುರುತಿಸಿದ ಹಾಗೆ.

ಜಂಬಣ್ಣ ಒಂದು ದಪ್ಪ ಪುಸ್ತಕ ತೆರೆದು ರಾಗವಾಗಿ ಓದಿದ: "ಬಿಗಿನ್, ಸ್ಟಾರ್ಟ್, ಕಮೆನ್ಸ್, ಇನಿಶಿಯೇಟ್. ಎಲ್ಲಾ ಒಂದ ರೀ ವಕೀಲರ. ಸುರು ಮಾಡೂದು."

"ಒಂದ ಇದ್ದರ ನಾಕು ಯಾಕ ಇಟ್ಟಾರ?" ಎಂದೆ.

ತಲೆ ಕೆರೆದುಕೊಂಡ. "ಇಂಗ್ಲಿಷರು ಶ್ರೀಮಂತ ಮಂದಿ ನೋಡ್ರಿ."

ಈತ ನಮ್ಮ ಊರಿನ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದಾನೆ! ಅದಾಲತ್ತಿನಲ್ಲಿ ಒಂದು ಶಬ್ದ ಆಚೀಚೆಯಾದರೆ ಹೊಲ ಒಬ್ಬನಿಂದ ಇನ್ನೊಬ್ಬನ ಕೈಗೆ ಹೋಗುತ್ತದೆ. ಎಲ್ಲಾ ಒಂದೇ ಎಂದವನು ದನ ಕಾಯಬೇಕು. ಪುಸ್ತಕ ಇಟ್ಟುಕೊಂಡು ಅವನನ್ನು ಕಳಿಸಿದೆ.

2 ಜುಲೈ

ನನ್ನ ಸೊಸೆಯ ಬಗ್ಗೆ ಇಲ್ಲಿ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಹೆಸರು ಶೇಖರಮ್ಮ, ತವರು ಬಳ್ಳಾರಿ. ಮದ್ರಾಸ್ ಸರ್ಕಾರದ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವಳು. ಆ ಸಂಬಂಧ ಬೇಡವೆಂದು ಆಗಲೇ ಹೇಳಿದ್ದೆ. ಓದಿದ ಹೆಣ್ಣು ರೊಟ್ಟಿಯನ್ನು ನಕಾಶೆಯ ಹಾಗೆ ಬಡಿಯುತ್ತದೆ. ಹಾಗೇ ಆಗಿದೆ. ಮಗ ಪಂಪಣ್ಣ ಹೈದರಾಬಾದಿನ ಕಚೇರಿಯೊಂದರಲ್ಲಿ ನೌಕರ. ಮನೆ ಸಿಕ್ಕ ಕೂಡಲೇ ಹೆಂಡತಿಯನ್ನು ಕರೆದೊಯ್ಯುತ್ತೇನೆಂದು ಹೋದವನಿಗೆ ಎರಡು ವರ್ಷವಾದರೂ ಮನೆ ಸಿಕ್ಕಿಲ್ಲ. ಹೈದರಾಬಾದಿನಲ್ಲಿ ಮನೆಗಳಿಗೆ ಅಷ್ಟು ಬರ.

ಬೆಳಿಗ್ಗೆ ಪಡಸಾಲೆಯಲ್ಲಿ ಪುಸ್ತಕ ಹಿಡಿದು ಗಟ್ಟಿಯಾಗಿ ‘ಕಾನ್ಸಿಯಲ್’ ಎಂದು ಓದಿದೆ. ಅಡಿಗೆಮನೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನ್ನ ಹೆಂಡತಿ ಶಿವಬಸಮ್ಮ ನಗುವ ಪೈಕಿ ಅಲ್ಲ. ಸೊಸೆ ಮಾವನ ಎದುರು ಬಂದು ಮಾತಾಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಹೆಂಡತಿಗೆ ಕೂಗಿ ಹೇಳಿದೆ: "ಯಾಕ ನಗ್ತಾಳ ಕೇಳು."

ಒಳಗೆ ಪಿಸಪಿಸ ನಡೆಯಿತು. ಶಿವಬಸಮ್ಮ ಬಾಗಿಲಿಗೆ ಬಂದಳು. "ಅದು ಹಂಗಲ್ಲಂತ್ರಿ. ಏನೋ ಸೀಲಂತ. ಕಾಗದಕ್ಕ ಒತ್ತತಾರಲ್ಲ, ಆ ಸೀಲು."

"ಆ ಸೀಲ್ ಅಲ್ರಿ ಅತ್ತೀ," ಒಳಗಿನಿಂದ ದನಿ ಬಂತು. "ಕನ್ಸೀಲ್. ಮುಚ್ಚಿಡೂದು."

"ಮುಚ್ಚಿಡೂದಂತ್ರಿ."

"ಅಂದ್ರ ‘ಹೈಡ್’ ಏನು, ಕೇಳು."

"ಅಂದ್ರ ಹಾಡು ಏನು ಅಂತಾರವ್ವಾ ನಿಮ್ಮ ಮಾವಾರು."

ಒಳಗೆ ಮತ್ತೆ ನಗು. ನಾನು ಪುಸ್ತಕ ಮುಚ್ಚಿದೆ. ಅಡಿಗೆಮನೆಯಿಂದ ಪಾಠ ಹೇಳಿಸಿಕೊಳ್ಳುವಷ್ಟು ಇನ್ನೂ ಕೆಟ್ಟಿಲ್ಲ.

5 ಜುಲೈ

ಉಚ್ಚಾರಣೆಗೆ ಮಾತ್ರ. ಅದೂ ಬೆಳಿಗ್ಗೆ ಒಂದು ತಾಸು. ನಾನು ಪಡಸಾಲೆಯಲ್ಲಿ, ಅವಳು ಬಾಗಿಲಿನ ಆಚೆ, ನಡುವೆ ಹೆಂಡತಿ. ಹೆಂಡತಿಯ ಬಾಯಿಯಿಂದ ಹಾದು ಬರುವ ಇಂಗ್ಲಿಷನ್ನು ಕೇಳಿದರೆ ಲಂಡನ್ನಿನವರು ತಮ್ಮ ರಾಜ್ಯವನ್ನು ಇನ್ನೂ ಬೇಗ ಬಿಟ್ಟು ಓಡುತ್ತಿದ್ದರು.

20 ಜುಲೈ

ಸೊಸೆಗೆ ಪುಸ್ತಕದ ಮೇಲೇ ಸಿಟ್ಟು. "ಒಂದ ಸಾಲಿನ್ಯಾಗ ಕುಂದರಿಸ್ಯಾರಂತ ಅವು ಅಣ್ಣತಮ್ಮ ಆಗಂಗಿಲ್ಲಂತ್ರಿ" ಎಂದು ಹೆಂಡತಿ ತಂದು ಒಪ್ಪಿಸಿದಳು. ಪ್ರತಿ ಶಬ್ದಕ್ಕೂ ಮನೆಯ ಒಂದು ಸಂಗತಿಯನ್ನು ಕಟ್ಟುತ್ತಾಳೆ. ‘ಥ್ರಿಫ್ಟಿ’ ಮತ್ತು ‘ಮೈಸರ್ಲಿ’ ಎರಡೂ ಕೈ ಬಿಗಿಹಿಡಿಯುವವರಿಗೆ ಅನ್ನುವ ಮಾತೇ. ಆದರೆ ಎಣ್ಣೆ ಚೆಲ್ಲದ ಹಾಗೆ ನೋಡಿಕೊಳ್ಳುವ ಅತ್ತೆಯವರು ಥ್ರಿಫ್ಟಿ, ತೂಕದಲ್ಲಿ ಬೆಲ್ಲ ಕಡಿಮೆ ಹಾಕುವ ಪಕ್ಕದ ಕಿರಾಣಿಯವನು ಮೈಸರ್ಲಿ. ಶಿವಬಸಮ್ಮ ಇದನ್ನು ಕೇಳಿ ಖುಷಿಯಾಗಿ ದಿನವಿಡೀ ‘ನಾ ತಿರಪ್ತಿ, ನಾ ತಿರಪ್ತಿ’ ಎಂದು ಓಡಾಡಿದಳು.

ಹೆಂಗಸರ ಬುದ್ಧಿ ಒಲೆಯಿಂದ ಆಚೆ ಹೋಗುವುದಿಲ್ಲ. ಇಂಗ್ಲಿಷ್ ಭಾಷೆಯನ್ನೂ ಒಲೆಯ ಮುಂದೆ ಎಳೆದು ತಂದು ಕೂರಿಸುತ್ತಾರೆ. ಇವತ್ತು ಕಲಿತ ಮೂವತ್ತೂ ಶಬ್ದ ನೆನಪಿವೆ, ಅದು ಬೇರೆ ಮಾತು. ನನ್ನ ಜ್ಞಾಪಕಶಕ್ತಿ ಮೊದಲಿನಿಂದಲೂ ಚೆನ್ನಾಗಿದೆ.

9 ಆಗಸ್ಟ್

ಇಂದಿನ ಅವಮಾನವನ್ನು ಬರೆಯುವುದಿಲ್ಲವೆಂದುಕೊಂಡೆ. ಬರೆಯುತ್ತಿದ್ದೇನೆ.

ಮುಕ್ಕುಂದದ ಕಕ್ಷಿಗಾರನ ಸಾಕ್ಷಿಗಳು ಬಂದಿರಲಿಲ್ಲ. ಒಂದು ವಾರ ಮುದ್ದತು ಬೇಕಿತ್ತು. ಮುನ್ಸಿಫನಿಗೆ ನನ್ನ ಇಂಗ್ಲಿಷ್ ತೋರಿಸೋಣವೆಂದು ಎದ್ದು ನಿಂತೆ. ಪುಸ್ತಕದಲ್ಲಿ ‘ಆಸ್ಕ್’ ಶಬ್ದದ ಎದುರು ‘ರಿಕ್ವೆಸ್ಟ್’, ‘ಡಿಮಾಂಡ್’ ಎಂದು ಇತ್ತು. ‘ಡಿಮಾಂಡ್’ ಬಾಯಿ ತುಂಬುವ ಶಬ್ದ, ದೊಡ್ಡವರ ಮುಂದೆ ಶೋಭಿಸುತ್ತದೆ ಅನಿಸಿತು. ಕೈ ಮುಗಿದು, ತಲೆ ಬಾಗಿಸಿ, "ಐ ಡಿಮಾಂಡ್ ಒನ್ ವೀಕ್, ಸರ್" ಎಂದೆ.

ಮುನ್ಸಿಫ ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. ನಗು ತಡೆದುಕೊಳ್ಳಲು ಕೆಮ್ಮಿದ. ಹಿಂದೆ ಕೂತಿದ್ದ ಹೊಸ ಎಳೆ ವಕೀಲರು ಕೆಮ್ಮುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ, ನೇರವಾಗಿ ನಕ್ಕರು.

ಮನೆಗೆ ಬಂದು ಪುಸ್ತಕವನ್ನು ಅಡಿಗೆಮನೆಯ ಬಾಗಿಲಿಗೆ ಎಸೆದೆ. "ಇದ ಏನು ಕಲಿಸಿದ್ದು?" ಎಂದು ಕೂಗಿದೆ. ಹೆಂಡತಿ ನಡುವೆ ಬರುವಷ್ಟರಲ್ಲಿ ಒಳಗಿನಿಂದ ನೇರವಾಗಿ ಉತ್ತರ ಬಂತು.

"ಆ ಸಾಲು ನಾ ಇನ್ನೂ ಹೇಳಿಕೊಟ್ಟಿದ್ದಿಲ್ರಿ ಮಾವಾರ. ‘ಡಿಮಾಂಡ್’ಗೆ ಉರ್ದುವಿನ್ಯಾಗ ಏನಂತಾರ?"

"ಮುತಾಲಬಾ" ಎಂದೆ. ಅಂದ ಕೂಡಲೇ ಗೊತ್ತಾಯಿತು, ಅದು ಹಕ್ಕಿನಿಂದ ಕೇಳುವವನ ಮಾತು.

"‘ರಿಕ್ವೆಸ್ಟ್’ಗೆ?"

"ಗುಜಾರಿಶ್. ಬಿನ್ನಹ."

"ಮುನ್ಸಿಫರ ಮುಂದ ಮುತಾಲಬಾ ಮಾಡ್ತಿದ್ದಿರೇನ್ರಿ, ನಿಜಾಮರ ಕಾಲದಾಗ?"

ಸೊಕ್ಕು ಇವಳಿಗೆ. ಓದಿದ ಸೊಕ್ಕು.

10 ಆಗಸ್ಟ್

‘ಕೇಳುವುದು’ ಎಂಬ ಅರ್ಥದ ಶಬ್ದಗಳನ್ನೆಲ್ಲ ಇವತ್ತು ಉರ್ದುವಿನ ಜೊತೆ ಇಟ್ಟು ನೋಡಿದೆವು. ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ ಎಂದು ನೋಡಿದರೆ ಶಬ್ದ ತಾನೇ ಸಿಕ್ಕುತ್ತದೆ ಎನ್ನುತ್ತಾಳೆ. ಕಾಲಿಗೆ ಬಿದ್ದವನದು ‘ಬೆಗ್’. ಕೈಮುಗಿದು ನಿಂತವನದು ‘ರಿಕ್ವೆಸ್ಟ್’. ಸಮನಾಗಿ ಕೂತವನದು ‘ಆಸ್ಕ್’. ಎದೆ ಸೆಟೆಸಿದವನದು ‘ಡಿಮಾಂಡ್’. ಒಂದಿಷ್ಟು ಸರಿ ಇದೆ. ಫಾರಸಿ ಓದಿದವನಿಗೆ ಇದೇನೂ ಹೊಸದಲ್ಲ.

ಶಿವಬಸಮ್ಮ ನಡುವಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. "ನನಗ ಜ್ವಾಳ ಹಸನ ಮಾಡೂದೈತಿ. ನೀವ್ ನೀವ ಮಾತಾಡಕೋರಿ. ಬಾಗಲಾ ಐತೆಲ್ಲ ನಡುವ!"

27 ಸೆಪ್ಟೆಂಬರ್

ಪಾಠವಿಲ್ಲ. ಸೊಸೆಗೆ ಜ್ವರ. ಪುಸ್ತಕ ತೆರೆದರೆ ಅಕ್ಷರಗಳು ಇರುವೆ ಹರಿದ ಹಾಗೆ ಕಾಣುತ್ತವೆ. ಹಕೀಮನನ್ನು ಕರೆಸಿದೆ. ಅವನ ಔಷಧದ ಮೇಲೆ ನಂಬಿಕೆ ಬಾರದೆ ಡಾಕ್ಟರನ್ನೂ ಕರೆಸಿದೆ. ಹೆಂಡತಿ ನನ್ನ ಮುಖ ನೋಡಿದಳು. ಪರೀಕ್ಷೆ ಹತ್ತಿರ ಬಂತು, ಅದಕ್ಕೆ, ಎಂದೆ.

28 ಸೆಪ್ಟೆಂಬರ್

ಜ್ವರ ಇಳಿದಿದೆ. ಹಾಸಿಗೆಯಿಂದಲೇ ‘ಫೀಬಲ್’ ಮತ್ತು ‘ಫ್ರೇಲ್’ ಬೇರೆ ಎಂದು ವಾದಿಸುತ್ತಿದ್ದಾಳೆ. ಎರಡೂ ಅಶಕ್ತವೇ. ಹಟಮಾರಿ.

19 ನವೆಂಬರ್, ಸಿಂಧನೂರು

ಸಾಲಗುಂದದ ಬದುವಿನ ಮೊಕದ್ದಮೆಗಾಗಿ ಸಿಂಧನೂರಿಗೆ ಬಂದೆ. ಊರಿನ ತುಂಬ ಕಾಲುವೆ ಅಗೆಯುವ ಮಾತು. ತುಂಗಭದ್ರೆಯ ನೀರು ಬರುತ್ತದೆ, ಎರಡು ಬೆಳೆ ಬರುತ್ತದೆ ಎಂದು ಕುಣಿಯುತ್ತಿದ್ದಾರೆ. ನೀರಿಗೆ ಮೊದಲು ಗುತ್ತಿಗೆದಾರರು ಬಂದಿದ್ದಾರೆ. ಅವರ ಹಿಂದೆ ಮೊಕದ್ದಮೆಗಳು ಬರುತ್ತವೆ, ಅಷ್ಟು ಮಾತ್ರ ನಿಜ.

ಬಟ್ಟೆ ವ್ಯಾಪಾರಿ ಶೇಕ್ಷಾವಲಿ ಅಂಗಡಿಗೆ ಕರೆದು ಕೂರಿಸಿದ. ತಿಂಗಳಿಗೊಮ್ಮೆ ಸರಕು ತರಲು ಹೈದರಾಬಾದಿಗೆ ಹೋಗುವವನು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ವಕೀಲ್‌ಸಾಬ್, ತಪ್ಪು ತಿಳಕೋಬ್ಯಾಡ್ರಿ. ನಿಮ್ಮ ಪಂಪಣ್ಣ ತನ್ನ ಕಚೇರಿ ಸಾಹೇಬರ ಮನಿಗೆ ದಿನಾ ಹೋಗ್ತಾನಂತ. ಅವರ ಮಗಳ ಕೂಡ ಲಗ್ನದ ಮಾತು ನಡದೈತಂತ. ಅಲ್ಲಿ ಎಲ್ಲಾರಿಗೂ ಗೊತ್ತೈತಿ."

ಬಟ್ಟೆ ಮಾರುವವನ ನಾಲಗೆ ಅವನ ಗಜಕೋಲಿಗಿಂತ ಉದ್ದ. ಎದ್ದು ಬಂದೆ.

20 ನವೆಂಬರ್, ಲಿಂಗಸುಗೂರು

ಬಸ್ಸು ಮಸ್ಕಿಯಲ್ಲಿ ಕೆಟ್ಟು ನಿಂತು ಸಂಜೆಗೆ ಮನೆ ಸೇರಿದೆ. ಬಾಗಿಲಿನ ಆಚೆಯಿಂದ ಸೊಸೆ ಕೇಳಿದಳು: "ಹೈದರಾಬಾದ್ ಕಡಿ ಮಂದಿ ಯಾರಾರ ಸಿಕ್ಕಿದ್ದರೇನ್ರಿ?"

ಇಲ್ಲವೆಂದೆ. ಗಾಳಿಸುದ್ದಿಯನ್ನು ಹೊತ್ತು ತರುವುದು ವಕೀಲನ ಕೆಲಸವಲ್ಲ. ಊಟ ರುಚಿಸಲಿಲ್ಲ. ಸಿಂಧನೂರಿನ ನೀರು ಸರಿಯಿಲ್ಲ.

17 ಫೆಬ್ರುವರಿ 1952, ರಾಯಚೂರು

ಪರೀಕ್ಷೆ ಮುಗಿಯಿತು. ಮಕ್ಕಳ ಬೆಂಚಿನಲ್ಲಿ ಬಿಳಿ ಮೀಸೆಯವರು ಮೊಣಕಾಲು ಮಡಚಿ ಕೂತಿದ್ದೆವು. ಕಾಯಲು ಬಂದವನು ಹಾಲುಗಲ್ಲದ ಹುಡುಗ. ನನ್ನನ್ನು ನೋಡಿ ‘ನೋ ಟಾಕಿಂಗ್’ ಎಂದ. ಮುಂದಿನ ಬೆಂಚಿನಲ್ಲಿ ಅಮೀನ್‌ಸಾಬ್ ಉತ್ತರ ಗೊತ್ತಿಲ್ಲದ ಕಡೆಯಲ್ಲೆಲ್ಲ ಮೂರನೆಯ ಶಬ್ದಕ್ಕೆ ಗುರುತು ಹಾಕಿದನಂತೆ. "ಮೂರು ನಮಗ ಶುಭ" ಎಂದ.

‘ರಿಲಕ್ಟಂಟ್’ ಎಂಬ ಶಬ್ದ ಬಂದಿತ್ತು. ಅತ್ತೆ ಹೇಳಿದ ಕೂಡಲೇ ತವರಿಗೆ ಹೊರಟ ಸೊಸೆ ‘ರೆಡಿ’, ತವರಿನಿಂದ ಮರಳುವಾಗ ಹೊಸ್ತಿಲಲ್ಲಿ ಚಪ್ಪಲಿ ಹುಡುಕುವವಳು ‘ರಿಲಕ್ಟಂಟ್’ ಎಂದು ಶೇಖರಮ್ಮ ಹೇಳಿದ್ದಳು. ‘ಅನ್‌ವಿಲಿಂಗ್’ಗೆ ಗುರುತು ಹಾಕಿದೆ.

ಬಜಾರಿನಲ್ಲಿ ಒಂದು ಇಂಗ್ಲಿಷ್ ಡಿಕ್ಷನರಿ ಸಿಕ್ಕಿತು. ಪರೀಕ್ಷೆ ಮುಗಿದ ಮೇಲೆ ನಿನಗೇಕೆ ಎಂದು ಅಮೀನ್‌ಸಾಬ್ ಕೇಳಿದ. ಮನೆಯಲ್ಲಿ ಇರಲಿ ಎಂದು ಕೊಂಡೆ. ಅವನಿಗೆ ಎಲ್ಲವನ್ನೂ ಕೇಳುವ ಚಟ.

16 ಮಾರ್ಚ್, ಲಿಂಗಸುಗೂರು

ಪಂಪಣ್ಣ ಬಂದಿದ್ದಾನೆ. ಬೂಟುಗಾಲಿನಲ್ಲೇ ಪಡಸಾಲೆಗೆ ಬಂದ. ತಲೆಗೆ ಎಣ್ಣೆ ಬಿಟ್ಟು ಬೇರೆ ಏನೋ ಪರಿಮಳ ಹಚ್ಚಿಕೊಂಡಿದ್ದ. ತಾಯಿ ನೀರು ಕೊಟ್ಟಳು, ಕುಡಿದ. ಒಳಗಿದ್ದವಳು ಬದುಕಿದ್ದಾಳೋ ಸತ್ತಿದ್ದಾಳೋ ಎಂದು ಕೇಳಲಿಲ್ಲ.

"ಅಪ್ಪಾ, ಸುತ್ತಿಬಳಸಿ ಮಾತಾಡಂಗಿಲ್ಲ ನಾ. ನಮ್ಮ ಸಾಹೇಬರು ತಮ್ಮ ಮಗಳನ್ನ ಕೊಡ್ತೀನಿ ಅಂತಾರ. ಈಕೀಗೂ ನನಗೂ ಹೊಂದಂಗಿಲ್ಲ."

"ಹೊಂದಂಗಿಲ್ಲ ಅಂತ ಹ್ಯಾಂಗ ತಿಳೀತು? ಹೊಂದೂವಷ್ಟು ದಿನ ಎಲ್ಲಿ ಕೂಡಿ ಇದ್ದೀ?"

ಬೇಕಾದದ್ದನ್ನು ಮಾತ್ರ ಹೇಳಿದ. "ಆಕೀನ ತನ್ನ ಖುಷಿಲಿಂದ ಮನಿ ಬಿಟ್ಟು ಹೋಗ್ಯಾಳ, ಮತ್ತ ಬರಂಗಿಲ್ಲ ಅಂತ ಒಂದು ಕಾಗದ ಬರಕೊಡ್ರಿ. ಆಕೀದು ಸಹಿ, ನಿಮ್ಮದು ಸಾಕ್ಷಿ. ಇಂಗ್ಲಿಷಿನ್ಯಾಗ ಇರಬೇಕು. ಸಾಹೇಬರು ಉರ್ದು ಕಾಗದ ಮೂಸಿ ಸುದ್ದಾ ನೋಡಂಗಿಲ್ಲ. ನೀವು ಇಂಗ್ಲಿಷ್ ಕಲತೀರಂತಲ್ಲ, ಅವ್ವ ಹೇಳಿದಳು."

ಯಾರಿಂದ ಕಲಿತೆ ಎಂಬುದನ್ನು ಅವ್ವ ಹೇಳಿಲ್ಲವೆಂದು ಕಾಣುತ್ತದೆ.

ಗಂಡಸು ಎರಡು ಮದುವೆಯಾಗುವುದು ನಮ್ಮ ಕಡೆ ಹೊಸದಲ್ಲ. ಇಂಥ ಕಾಗದಗಳನ್ನು ಬೇರೆಯವರಿಗೆ ಬರೆದುಕೊಟ್ಟಿದ್ದೇನೆ. ನಾಳೆ ಬರೆಯುತ್ತೇನೆಂದು ಹೇಳಿದೆ.

17 ಮಾರ್ಚ್

ಬೆಳಿಗ್ಗೆ ಪಂಪಣ್ಣ ಗೆಳೆಯರನ್ನು ನೋಡಲು ಪೇಟೆಗೆ ಹೋದ. ನಾನು ಪಡಸಾಲೆಯಲ್ಲಿ ಕಾಗದ ಹಾಸಿಕೊಂಡು ಕೂತೆ. ಶೇಖರಮ್ಮ ಎಂಬವಳು ಗಂಡನ ಮನೆಯನ್ನು ‘ಲೆಫ್ಟ್’ ಎಂದು ಬರೆದೆ. ತೀರ ಹಗುರ ಅನಿಸಿತು. ಸಂತೆಯಿಂದ ಎದ್ದು ಬಂದವನೂ ‘ಲೆಫ್ಟ್’. ನಶ್ಯದ ಡಬ್ಬಿಗೆ ಕೈ ಹೋದ ಹಾಗೆ ರೂಢಿಯಿಂದ ಬಾಯಿ ಹೋಯಿತು.

"‘ಲೀವ್’ ಅನ್ನೂದಕ್ಕ ಮತ್ತ ಏನೇನು ಅದಾವ?"

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಡೆದಿತ್ತು. ಅದರ ನಡುವೆಯೇ ಉತ್ತರ ಬಂತು. "ಕ್ವಿಟ್, ಡೆಸರ್ಟ್, ಅಬ್ಯಾಂಡನ್, ಫೋರ್ಸೇಕ್."

"ಯಾವುದು ಹಚ್ಚಲಿ?"

ಸಪ್ಪಳ ನಿಂತಿತು.

"ಯಾರು ಯಾರನ್ನ ಬಿಟ್ಟರು ಅನ್ನೂದು ತಿಳೀಬೇಕಲ್ರಿ ಮಾವಾರ."

ದಿನದ ಪಾಠದ ದನಿಯಲ್ಲೇ ಮುಂದುವರಿಸಿದಳು. "‘ಕ್ವಿಟ್’ ಅಂದ್ರ ನೌಕರಿ ಬಿಟ್ಟಂಗ. ‘ಡೆಸರ್ಟ್’ ಅಂದ್ರ ಸಿಪಾಯಿ ಪಲ್ಟನ್ ಬಿಟ್ಟು ಓಡಿದಂಗ, ಇರಬೇಕಾದಲ್ಲಿ ಇರದ ಹೋಗೂದು. ‘ಅಬ್ಯಾಂಡನ್’ ಅಂದ್ರ ಮತ್ತ ಹೊಳ್ಳಿ ನೋಡದಂಗ ಬಿಡೂದು. ‘ಫೋರ್ಸೇಕ್’ ಅಂದ್ರ ನಂಬಿದವರನ್ನ ಕೈಬಿಡೂದು. ನಾ ಈ ಮನಿಯಾಗ ಅದೀನಿ. ರೊಟ್ಟಿ ಮಾಡಾಕತ್ತೀನಿ. ಇದರಾಗ ನನಗ ಯಾವುದೂ ಹೊಂದಂಗಿಲ್ರಿ."

ಅದರ ಹಿಂದೆಯೇ ಇನ್ನೊಂದು ಮಾತು ಬಂತು. "ನಿನ್ನಿ ಅವರು ಹೇಳಿದ್ದು ಕೇಳಿಸೇತ್ರಿ ನನಗ. ಗ್ವಾಡಿ ಅಷ್ಟೇನು ದಪ್ಪ ಇಲ್ಲ."

ಮತ್ತೆ ರೊಟ್ಟಿಯ ಸಪ್ಪಳ ಶುರುವಾಯಿತು. ಮೊದಲಿಗಿಂತ ಜೋರಾಗಿ. ಲೇಖನಿಯ ಮಸಿ ಒಣಗಿತು. ಅದ್ದಲಿಲ್ಲ.

18 ಮಾರ್ಚ್

ಪಂಪಣ್ಣ ಹೋದ. ಊಟ ಮಾಡದೆ ಹೋದ.

ಕಾಗದ ಎಲ್ಲಿ ಎಂದ. ಬರೆದಿಲ್ಲ ಎಂದೆ. ಯಾಕೆ ಎಂದ.

"ನನ್ನ ಇಂಗ್ಲಿಷ್ ಇನ್ನೂ ಕಚ್ಚಾ ಐತಿ. ಇದ್ದದ್ದಷ್ಟ ಬರಿಯಾಕ ಬರ್ತೈತಿ. ಹೆಂಡತಿ ಮನಿಯಾಗ ಅದಾಳ, ಗಂಡ ಓಡಿಹೋಗ್ಯಾನ ಅಂತ ಬೇಕಾದರ ಬರಕೊಡ್ತೀನಿ, ಸಹಿ ಮಾಡ್ತೀಯೇನು?"

"ಉರ್ದುವಿನ್ಯಾಗ ಎಷ್ಟು ಸುಳ್ಳು ಬರದೀರಿ ನೀವು!"

"ಬರದೀನಿ. ಮಂದಿ ಮನಿದು."

ಅವನ ಮುಖ ಕೆಂಪಾಯಿತು. ಬೇರೆ ವಕೀಲರಿಂದ ಬರೆಸುತ್ತೇನೆಂದ. ಬರೆಸು, ಅದಾಲತ್ತಿಗೆ ತಾ, ನಾನು ಈ ಕಡೆಯಿಂದ ನಿಲ್ಲುತ್ತೇನೆ ಎಂದೆ. ಅವನು ನಕ್ಕ. "ಹೆತ್ತ ಮಗನ ಮ್ಯಾಲ?"

ಹೆತ್ತವರೇ ನಾಚುವಂಥ ಮಗನ ಮೇಲೆ, ಎಂದೆ. ಸಾಹೇಬರ ಮಗಳಿಗಾಗಿ ಬೂಟು ಹಾಕಿದವನು ನಾಳೆ ಸಾಹೇಬರ ಬೂಟನ್ನೂ ಒರೆಸುತ್ತಾನೆ. ಇಂಥವನಿಗೆ ನಾನು ಫಾರಸಿ ಪದ್ಯ ಕಲಿಸಿದ್ದೆ. ಹಂದಿಯ ಕೊರಳಿಗೆ ಹವಳದ ಸರ.

ಶಿವಬಸಮ್ಮ ಬಸ್ಸಿನವರೆಗೂ ಅವನ ಹಿಂದೆ ಹೋಗಿ ಬಂದಳು. ಬಂದವಳು ನನ್ನ ಮುಂದೆ ನಿಂತಳು. "ಮಂದಿ ಮಗಳಿಗಾಗಿ ಹೊಟ್ಟಿಯ ಮಗನ್ನ ಹೊರಗ ಹಾಕಿದಿರಿ." ಆಮೇಲೆ ಸೊಸೆಯ ಕಡೆ ಒಮ್ಮೆ ನೋಡಿ ದೇವರ ಕೋಣೆಗೆ ಹೋದಳು.

12 ಏಪ್ರಿಲ್

ಪರೀಕ್ಷೆಯ ಫಲ ಬಂತು. ನಾನು ಪಾಸು. ಅಮೀನ್‌ಸಾಬ್ ನಪಾಸು. ನನ್ನಂಥವನನ್ನು ಪಾಸು ಮಾಡುವ ಪರೀಕ್ಷೆಯ ಯೋಗ್ಯತೆ ಏನೆಂದು ಬೇರೆ ಹೇಳಬೇಕಿಲ್ಲ.

ಅಮೀನ್‌ಸಾಬ್ ಕರಿಕೋಟನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಕುರ್ಚಿಯನ್ನು ಒಮ್ಮೆ ತಟ್ಟಿ ಹೊರಟ. "ನನಗ ಸೊಸಿ ಇಲ್ಲ ಯಾರ್, ಅದಕ್ಕ ಫೇಲ್" ಎಂದು ನಕ್ಕ. ಎಲ್ಲ ಗೊತ್ತಿತ್ತು ಅವನಿಗೆ. ಅವನ ಖಾಲಿ ಕುರ್ಚಿಯಲ್ಲಿ ಮಧ್ಯಾಹ್ನವೇ ಒಬ್ಬ ಎಳೆ ವಕೀಲ ಬಂದು ಕೂತ. ಅದು ಅಮೀನ್‌ಸಾಬರ ಕುರ್ಚಿ ಎಂದು ಎಬ್ಬಿಸಿದೆ. ಯಾರು ಅಮೀನ್‌ಸಾಬ್ ಎಂದು ಕೇಳಿದ, ಕತ್ತೆ.

ಮನೆಯಲ್ಲಿ ಫಲ ಹೇಳಿದೆ. ಹೆಂಡತಿ ಮಾತಾಡಲಿಲ್ಲ; ಪಂಪಣ್ಣ ಹೋದಾಗಿನಿಂದ ನನ್ನ ಜೊತೆ ಮಾತಿಲ್ಲ. ಶೇಖರಮ್ಮ ಒಳಗಿನಿಂದ "ಎಷ್ಟು ತಪ್ಪಾದ್ವಂತ್ರಿ?" ಎಂದಳು. ಪಾಸಾದವನನ್ನು ಕೇಳುವ ಪ್ರಶ್ನೆಯೇ ಅದು!

6 ಮೇ

ಹೈದರಾಬಾದಿನಲ್ಲಿ ಮದುವೆ ಆಯಿತಂತೆ. ಬೇರೆ ವಕೀಲನೂ ಬೇಕಾಗಲಿಲ್ಲ, ಕಾಗದವೂ ಬೇಕಾಗಲಿಲ್ಲ. ಸಾಹೇಬನಿಗೆ ಅಳಿಯ ಬೇಕಿತ್ತು, ಅಷ್ಟೇ. ಶೇಕ್ಷಾವಲಿ ಬಂದು ಹೇಳಿದ. ನಮ್ಮಿಂದ ಯಾರೂ ಹೋಗಿರಲಿಲ್ಲ. ಶಿವಬಸಮ್ಮ ಅತ್ತಳು. ಸೊಸೆ ಅಳಲಿಲ್ಲ. ಅತ್ತೆಯ ಪಕ್ಕ ಕೂತು ಬೆನ್ನು ಸವರುತ್ತಿದ್ದಳು. ಯಾರು ಯಾರನ್ನು ಸಮಾಧಾನ ಮಾಡಬೇಕೋ ಈ ಹೆಂಗಸರಿಗೆ ತಿಳಿಯುವುದಿಲ್ಲ.

21 ಮೇ

ಮಸ್ಕಿಯಲ್ಲಿ ಹೆಣ್ಣುಮಕ್ಕಳ ಶಾಲೆಗೆ ಟೀಚರು ಬೇಕಂತೆ. ಶೇಖರಮ್ಮ ಅರ್ಜಿ ಹಾಕಿದ್ದಾಳೆ! ನನ್ನನ್ನು ಕೇಳದೆ. ಸುದ್ದಿ ತಂದವನು ಆ ಜಂಬಣ್ಣ ಮಾಸ್ತರ, ಎಲ್ಲಾ ಒಂದೇ ಎಂದವನು.

"ಇಲ್ಲೇ ಇರು. ಯಾರು ಬ್ಯಾಡ ಅಂದಾರ?" ಎಂದೆ.

ಬಾಗಿಲಿನ ಆಚೆಯಿಂದ ಅವಳು ಹೊರಗೆ ಬಂದು ನಿಂತಳು. ಮೂರು ವರ್ಷದಲ್ಲಿ ಮೊದಲ ಸಲ ಮುಖ ಸರಿಯಾಗಿ ಕಂಡೆ. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವಳು.

"ಇಲ್ಲಿ ಯಾರಂತ ಇರ್ಲಿ ಮಾವಾರ? ನಾಳೆ ಅವರು ಹೆಂಡತೀನ ಕರಕೊಂಡು ಬಂದರ ನಾ ಯಾರಿಗೆ ರೊಟ್ಟಿ ಬಡೀಲಿ?"

ಬಂದರೆ ನಾನು ಒಳಗೆ ಬಿಡುವುದಿಲ್ಲ ಎಂದೆ.

"ಅತ್ತಿ ಬಿಡ್ತಾರ. ಬಿಡಬೇಕು. ಅವರ ಮಗ" ಎಂದಳು.

ಮಸ್ಕಿ ಒಂದು ಊರೇ? ಧೂಳು, ಕಲ್ಲುಗುಡ್ಡ. ಅಲ್ಲಿಯ ಮಕ್ಕಳಿಗೆ ‘ಫೀಬಲ್’, ‘ಫ್ರೇಲ್’ ಯಾಕೆ ಬೇಕು? ಹಟ ಹಿಡಿದವರಿಗೆ ಹೇಳಿ ಫಲವಿಲ್ಲ. ಟ್ರಂಕಿನ ಕೀಲು ಮುರಿದಿತ್ತು, ರಿಪೇರಿಗೆ ಕೊಟ್ಟೆ.

9 ಜೂನ್, ಮಸ್ಕಿ

ಬೆಳಿಗ್ಗೆ ಹೊರಡುವಾಗ ಶಿವಬಸಮ್ಮ ಸುಮಾರು ಮೂರು ತಿಂಗಳ ನಂತರ ನನ್ನ ಜೊತೆ ಬಾಯಿ ಬಿಟ್ಟಳು. ಶೇಂಗಾ ಹಿಂಡಿಯ ಡಬ್ಬಿ ಮತ್ತು ಖಡಕ್ ರೊಟ್ಟಿಯ ಗಂಟನ್ನು ನನ್ನ ಕೈಗೆ ತುರುಕಿ, "ಆಕೀಗೆ ಭಾರ ಆಗ್ತದ, ನೀವ ಹಿಡೀರಿ" ಎಂದಳು. ಅಷ್ಟೇ. ಸೊಸೆ ಕಾಲಿಗೆರಗಿದಾಗ ಎಬ್ಬಿಸಿ, ಅವಳ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಶಾಲೆಯ ಕಮಿಟಿಗೆ ಮುಖ್ಯಸ್ಥ ಸೂಗಪ್ಪ, ಹತ್ತಿ ವ್ಯಾಪಾರಿ. ಮಾತಾಡುವಾಗ ಎದುರಿನವರನ್ನು ಅರಳೆ ತೂಗುವ ಹಾಗೆ ಮೇಲೆ ಕೆಳಗೆ ನೋಡುತ್ತಾನೆ. ಶೇಖರಮ್ಮನನ್ನು ವರಾಂಡದಲ್ಲಿ ನಿಲ್ಲಿಸಿ, ನನ್ನನ್ನು ಒಳಗೆ ಕೂರಿಸಿದ. ನನ್ನ ಕರಿಕೋಟು ನೋಡಿ ವಕೀಲನೆಂದು ತಿಳಿದುಕೊಂಡಿದ್ದ, ಹೆಚ್ಚೇನೂ ಕೇಳಿರಲಿಲ್ಲ.

"ಗಂಡ ಅದಾನೇನ್ರಿ ಈ ಹೆಣ್ಮಗಳಿಗೆ?"

"ಅದಾನ. ಹೈದರಾಬಾದಿನ್ಯಾಗ. ಇನ್ನೊಂದು ಲಗ್ನ ಆಗ್ಯಾನ."

"ಅಂದ್ರ ಗಂಡ ಬಿಟ್ಟಾಕಿ ಅನ್ರಿ." ಅವನು ನಾಲಗೆ ಲೊಚಗುಟ್ಟಿದ. "ಓದು ಬರಹ ಎಲ್ಲಾ ಬರೋಬ್ಬರಿ ಐತಿ. ಆದರ ನೋಡ್ರಿ ವಕೀಲರ, ಇದು ಹೆಣ್ಣುಮಕ್ಕಳ ಶಾಲಿ. ನಾಳೆ ಗಂಡನ ಕಡಿ ಮಂದಿ ಇಲ್ಲಿಗೆ ಬಂದರ ಏನು ಮಾಡೂದು?"

"ಬಂದಾರ" ಎಂದೆ.

ಗಾಬರಿಯಿಂದ ಕಿಟಕಿಯ ಕಡೆ ನೋಡಿದ. "ಎಲ್ಲಿ ಅದಾರ?"

"ನಿಮ್ಮ ಮುಂದ ಕುಂತೀನಲ್ಲ. ಅವನ ಅಪ್ಪ ನಾ."

ಸೂಗಪ್ಪನ ಬಾಯಿ ತೆರೆದೇ ಉಳಿಯಿತು. ಹತ್ತಿ ತುಂಬಬಹುದಿತ್ತು. ಆಮೇಲೆ ಎದ್ದು ಹೋಗಿ ಅವಳನ್ನು ಒಳಗೆ ಕರೆದ, ಕುರ್ಚಿ ಹಾಕಿಸಿದ, ಇವತ್ತಿನಿಂದಲೇ ಕೆಲಸಕ್ಕೆ ಬರಲಿ ಎಂದ, ಚಹಾ ತರಿಸಿದ. ಚಹಾ ಬಿಸಿನೀರಿನ ಹಾಗಿತ್ತು. ವ್ಯಾಪಾರಿಯ ಮನೆಯ ಚಹಾ.

ಶಾಲೆ ಎಂದರೆ ಎರಡು ಕೋಣೆ, ಮುರಿದ ಕರಿಹಲಗೆ, ಮೂಗು ಸೋರುವ ಹುಡುಗಿಯರು. ಅವರ ಮುಂದೆ ಶೇಖರಮ್ಮ ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಾನು ಗಂಟನ್ನು ಬಾಗಿಲಲ್ಲಿ ಇಟ್ಟೆ. ಹೊರಟಾಗ ಹಿಂದೆ ಬಂದಳು.

"ಐತವಾರ ಬರ್ರಿ ಮಾವಾರ. ಅದಾಲತ್ತಿನ ಕಾಗದ ಇದ್ದರ ತರ್ರಿ, ನೋಡೋಣಂತ."

"ಬಸ್ಸಿನ ಭರವಸಿ ಇಲ್ಲ" ಎಂದೆ.

ಮಸ್ಕಿಯ ಬಸ್ ನಿಲ್ದಾಣದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಲಿಂಗಸುಗೂರಿನ ಬಸ್ಸು ಇನ್ನೂ ಬಂದಿಲ್ಲ. ಐತವಾರ ಎಷ್ಟು ಗಂಟೆಗೆ ಇಲ್ಲಿಗೆ ಬಸ್ಸಿದೆ ಎಂದು ಕಂಡಕ್ಟರನನ್ನು ಕೇಳಿದೆ. ಬೆಳಿಗ್ಗೆ ಒಂದು, ಸಂಜೆ ಒಂದು ಎಂದ. ಇಷ್ಟು ದೊಡ್ಡ ರಸ್ತೆಗೆ ಎರಡೇ ಬಸ್ಸು! ಹೊಸ ಸರ್ಕಾರದಿಂದ ಇನ್ನೇನು ಆದೀತು? ಬೆಳಗಿನದೇ ಹಿಡಿಯಬೇಕು.